ಮೊಳೆ ಹಲಗೆ: ಸಾಫ್ಟ್‌ವೇರ್ ಬಿಟ್ಟು ಪ್ರೆಸ್ ನಡೆಸಿದ ನನ್ನ ಅನುಭವ

ಉಡುಪಿಯ ನಮ್ಮ ಪ್ರೆಸ್ಸಿನ ಗೋಡೆಯಲ್ಲಿ ಒಂದು ಹಲಗೆ ಇದೆ. ಅಪ್ಪನ ಕಾಲದಲ್ಲಿ ಅಚ್ಚುಮೊಳೆಯ, ಅಂದರೆ ಸೀಸದ ಅಕ್ಷರಗಳ, ಕೇಸುಗಳನ್ನು ಇಡುತ್ತಿದ್ದ ಹಲಸಿನ ಮರದ ಸ್ಟ್ಯಾಂಡ್ ಒಡೆದು ಮಾಡಿದ್ದು. ಆರಡಿ ಉದ್ದ, ಅಗಲ ಮೂರಡಿಗೆ ಸ್ವಲ್ಪ ಕಮ್ಮಿ. ಅದರಲ್ಲಿ 31 ಕಬ್ಬಿಣದ ಮೊಳೆ. ಮೊಳೆಗಳಲ್ಲಿ ಚೀಟಿ, ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸಲು. ಅಷ್ಟೇ. ಅಪ್ಪನ ಪ್ರೆಸ್ಸು ಸೀಸದ ಮೊಳೆಯಲ್ಲಿ ನಡೆಯಿತು, ನಿಮ್ಮದು ಕಬ್ಬಿಣದ ಮೊಳೆಯಲ್ಲಿ ಅಂತ ಹೆಂಡತಿ ತಮಾಷೆ ಮಾಡುತ್ತಾಳೆ.

ಇದನ್ನು ಗೋಡೆಗೆ ಹೊಡೆದಾಗ ನಗದವರು ಇಲ್ಲ. ನಮ್ಮ ಲೆಕ್ಕ ನೋಡುವವರು ನಕ್ಕರು. ಪಕ್ಕದ ಜೆರಾಕ್ಸ್ ಅಂಗಡಿಯವರು ನಕ್ಕರು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಅಕ್ಕನ ಮಗ ಫೋಟೋ ನೋಡಿ, "ಮಾವ, ಈ ಕಾಲದಲ್ಲಿ ಇದೆಂತದು?" ಅಂದ. ಈಗ ಮೂರು ವರ್ಷ ದಾಟಿತು. ಹೋದ ತಿಂಗಳು ಕಾರ್ಕಳ ಕಡೆಯ ಪ್ರೆಸ್ಸಿನವರು ಒಬ್ಬರು ಬಂದು ಚಾ ಕುಡಿಯುತ್ತಾ ಮೊಳೆ ಎಣಿಸಿಕೊಂಡು ಹೋದರು. ಅದಕ್ಕೇ ಬರೆಯುವ ಅಂತ ಕೂತೆ.  

ಕತೆ ಶುರು ಮಾಡಬೇಕಾದದ್ದು 2017ರಿಂದ. ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷೀನಿಗೆ ಮುದ್ರಾ ಸಾಲ ತೆಗೆದೆ. ಮುದ್ರಣದವನಿಗೆ ಮುದ್ರಾ ಸಾಲ ಅಂತ ಎಲ್ಲರೂ ನಕ್ಕದ್ದೇ ನಕ್ಕದ್ದು. ಒಂಬತ್ತು ಲಕ್ಷ, ಐದು ವರ್ಷ, ತಿಂಗಳ ಕಂತು ಹತ್ತೊಂಬತ್ತು ಸಾವಿರ ಚಿಲ್ಲರೆ. ಬ್ಯಾಂಕಿಗೆ ಪ್ರೊಜೆಕ್ಟ್ ರಿಪೋರ್ಟ್ ಬೇಕು ಅಂದರು. ಮಾಡಿಕೊಡುವವರು ಮಾಡಿಕೊಟ್ಟರು, ನಾಲ್ಕು ಸಾವಿರ ತೆಗೆದುಕೊಂಡರು. ಅದರಲ್ಲಿ ನನ್ನ ವ್ಯಾಪಾರ ತಿಂಗಳಿಗೆ ಒಂದು ಲಕ್ಷ ಎಂಬತ್ತು ಸಾವಿರ ಅಂತ ಇತ್ತು. ಏಪ್ರಿಲಿಗೂ ಅಷ್ಟೇ, ಜುಲೈಗೂ ಅಷ್ಟೇ. ಪ್ರತಿ ವರ್ಷ ನೂರಕ್ಕೆ ಹದಿನೈದು ಏರುತ್ತಾ ಹೋಗುತ್ತದೆ. ನಾನೂ ಓದಿ ಖುಷಿಪಟ್ಟು ಸಹಿ ಹಾಕಿದೆ. ಅದರಲ್ಲಿ ಮಳೆಗಾಲವೇ ಇರಲಿಲ್ಲ ಅಂತ ಹೊಳೆದದ್ದು ಮರುವರ್ಷ ಜುಲೈಯಲ್ಲಿ, ಕಂತು ಕಟ್ಟಲು ಹೆಂಡತಿಯ ಬಳೆ ಇಟ್ಟಾಗ.

ನಮ್ಮ ಊರಿನ ಪ್ರೆಸ್ಸಿಗೆ ಹನ್ನೆರಡು ತಿಂಗಳು ಅಂತ ಇಲ್ಲ. ಏಪ್ರಿಲ್ ನಡುವಿನ ಬಿಸು ಹಬ್ಬದ ಹಿಂದೆ ಮುಂದೆ ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಯಕ್ಷಗಾನದ ಹ್ಯಾಂಡ್‌ಬಿಲ್. ಆಗ ಊಟಕ್ಕೂ ಪುರುಸೊತ್ತಿಲ್ಲ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರು ಅಂದರೆ ನಮ್ಮ ಮಷೀನೂ ಗೆಜ್ಜೆ ಬಿಚ್ಚಿದ ಹಾಗೆ. ಜೂನ್ ಒಂದರಿಂದ ಮೀನು ಹಿಡಿಯುವ ಬೋಟು ನಿಲ್ಲುತ್ತದೆ, 61 ದಿನ ಮಲ್ಪೆ ಬಂದರಿನ ಕಡೆಯಿಂದ ಬಿಲ್ ಬುಕ್ಕಿನ ಆರ್ಡರೂ ಇಲ್ಲ. ಅದರ ನಡುವೆಯೇ ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು. ಆಟಿಯಲ್ಲಿ ಯಾರು ಮದುವೆ ಮಾಡುತ್ತಾರೆ? ಅಷ್ಟಮಿ, ಚೌತಿ ಬರುವ ತನಕ ಮಷೀನ್‌ನವರು ಬೀಡಿ ಸೇದಿಕೊಂಡು ಮಳೆ ನೋಡುವುದು. ವರ್ಷದ ಕೆಲಸದಲ್ಲಿ ಅರ್ಧಕ್ಕೆ ಹತ್ತಿರ ನಮಗೆ ಬರುವುದು ಫೆಬ್ರವರಿಯಿಂದ ಮೇ ನಡುವೆ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು.

ಆ ಬಳೆಯ ವಿಷಯ ಆದ ಮೇಲೆ ಎಲ್ಲ ಶಿಸ್ತಿನಲ್ಲಿ ಮಾಡಬೇಕು ಅಂತ ತಲೆಗೆ ಹೋಯಿತು. ಜಿಎಸ್‌ಟಿ ಬಂದು ಒಂದು ವರ್ಷ ಆಗಿತ್ತು, ಹೇಗೂ ಕಂಪ್ಯೂಟರ್ ಬಿಲ್ ಬೇಕು. ಬಿಲ್ಲು, ಸ್ಟಾಕು, ಜಾಬ್ ಪ್ಲಾನಿಂಗ್ ಎಲ್ಲ ಒಂದರಲ್ಲೇ ಬರುವ ಸಾಫ್ಟ್‌ವೇರ್ ಹಾಕಿಸಿದೆ. ನಲವತ್ತೈದು ಸಾವಿರ, ಮೇಲೆ ವರ್ಷಕ್ಕೆ ಹನ್ನೆರಡು ಸಾವಿರ ನೋಡಿಕೊಳ್ಳುವ ಚಾರ್ಜು. ಹಾಕಿಕೊಟ್ಟ ಹುಡುಗ ಎರಡು ಗಂಟೆ ಕಲಿಸಿದ. ಪರದೆಯಲ್ಲಿ ಬಣ್ಣ ಬಣ್ಣದ ಪಟ್ಟಿ, ಯಾವ ಕೆಲಸ ಎಲ್ಲಿದೆ, ಎಷ್ಟು ಶೇಕಡಾ ಮುಗಿಯಿತು. ನೋಡಲು ಚಂದ.

ಅದನ್ನು ತುಂಬುವವರು ಯಾರು? ಅಲ್ಲಿ ಸಿಕ್ಕಿಬಿದ್ದೆ. ಮಷೀನ್‌ನವರ ಕೈಯಲ್ಲಿ ಮಸಿ, ಅವರು ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಬೈಂಡಿಂಗ್ ಅಕ್ಕನಿಗೆ ಇಂಗ್ಲಿಷ್ ಬೇಡ. ಕಡೆಗೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಹುಡುಗಿಯೇ ಸಂಜೆ ಆರಕ್ಕೆ ಬಸ್ಸಿಗೆ ಓಡುವ ಮೊದಲು ಎಲ್ಲದಕ್ಕೂ 'ಮುಗಿಯಿತು' ಅಂತ ಒತ್ತಿ ಹೋಗುತ್ತಿದ್ದಳು. ಪರದೆಯಲ್ಲಿ ಎಲ್ಲ ಹಸಿರು. ಟೇಬಲಿನ ಕೆಳಗೆ ಕೆಲಸದ ರಾಶಿ. ಅವಳನ್ನು ಬೈದು ಪ್ರಯೋಜನ ಇಲ್ಲ. ಮೂವರ ಕೆಲಸದ ವರದಿ ಒಬ್ಬಳು ಕೊಡಬೇಕು ಅಂದರೆ ಅವಳಾದರೂ ಎಂತ ಮಾಡಿಯಾಳು?

ಇನ್ನೊಂದು ಕಾರಣ, ಪ್ರೆಸ್ಸಿನಲ್ಲಿ ಮಾತ್ರ ಅಲ್ಲ, ನಮ್ಮ ಊರಿನಲ್ಲೇ ಇರುವ ರೋಗ. ಆಪುಂಡು. ತುಳು ಬಾರದವರಿಗೆ ಹೇಳುವುದಾದರೆ, ಆಗುತ್ತದೆ ಅಂತ ಅರ್ಥ. ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ, "ಆಪುಂಡು ಅಣ್ಣಾ". ನಾಳೆ ಕೊಡಬಹುದಾ ಅಂದರೆ, "ಎಲ್ಲೆ ಆಪುಂಡು", ನಾಳೆ ಆಗುತ್ತದೆ ಅಂತ. ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಇಲ್ಲ. ಎದುರು ನಿಂತವರಿಗೆ ಬೇಜಾರಿನ ಸುದ್ದಿ ಹೇಳುವುದು ಹೇಗೆ ಅಂತ ಸಂಕೋಚ. ನಾನೇ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದೆ, ಸುಮ್ನೆ ಯಾಕೆ ಸುಳ್ಳು.

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರಿಗೆ ಆ ದಿನದ ಬಗ್ಗೆ ಹೇಳಬೇಕಾಗಿಲ್ಲ. ರಾತ್ರಿಯಿಡೀ ಸುರಿದ ಮಳೆಗೆ ಬೆಳಿಗ್ಗೆ ಕಲ್ಸಂಕ, ಬೈಲಕೆರೆ ಎಲ್ಲ ಹೊಳೆ. ನಮ್ಮ ಪ್ರೆಸ್ ಇರುವುದು ತಗ್ಗಿನಲ್ಲಿ. ಸೊಂಟದವರೆಗೆ ನೀರು. ಮೊದಲೇ ಕೊರೋನಾದಿಂದ ಮದುವೆ ಸೀಸನ್ ಪೂರ್ತಿ ಹೋಗಿತ್ತು. ಅದರ ಮೇಲೆ ಹದಿನೆಂಟೋ ಇಪ್ಪತ್ತೋ ರೀಮು ಮ್ಯಾಪ್‌ಲಿಥೋ ಕಾಗದ ಉಬ್ಬಿ ದೋಸೆ ಹಿಟ್ಟಿನ ಹಾಗಾಯಿತು. ಮಷೀನ್ ಒಣಗಿಸಿ, ಮೋಟಾರ್ ಕಟ್ಟಿಸಿ, ಬೇರಿಂಗ್ ಬದಲಿಸಿ ಹೇಗೋ ತಿರುಗಿಸಿದೆವು. ಕಂಪ್ಯೂಟರ್ ಸತ್ತಿತು. ಹೊಸದಕ್ಕೆ ಸಾಫ್ಟ್‌ವೇರ್ ಹಾಕಲು ಹೋದರೆ, ಲೈಸೆನ್ಸು ಹಳೆಯ ಕಂಪ್ಯೂಟರಿಗೆ ಕಟ್ಟಿದ್ದು, ಅದರಲ್ಲೇ ಹೋಗಿ ವಾಪಸು ಕೊಟ್ಟು ಬರಬೇಕಂತೆ. ನೀರಿನಲ್ಲಿ ಮುಳುಗಿದ ಕಂಪ್ಯೂಟರ್ ಆನ್ ಮಾಡಿ ವಾಪಸು ಕೊಡುವುದು! ಫೋನಿನಲ್ಲಿ ಮಾತಾಡಿದವರು ತುಂಬಾ ಮರ್ಯಾದೆಯವರು. ಪ್ರತಿ ಸಲ ಹೊಸ ದೂರು ನಂಬರ್ ಕೊಟ್ಟರು. ಐದು ನಂಬರ್ ಆದ ಮೇಲೆ ನಾನೇ ಬಿಟ್ಟೆ. ಬರೀ ಬಿಲ್ ಹಾಕಲು ಈಗ ಒಂದು ಸಣ್ಣದು ಇಟ್ಟುಕೊಂಡಿದ್ದೇನೆ. ಅದರಿಂದ ಬೇರೆ ಏನನ್ನೂ ಕೇಳುವುದಿಲ್ಲ.

ಆದರೂ ಬುದ್ಧಿ ಬರಲಿಲ್ಲ. 2021ರಲ್ಲಿ ಅಕ್ಕನ ಮಗ ಮೊಬೈಲ್ ಆ್ಯಪ್ ಹಾಕಿಸಿದ. ತಲೆಗೆ ಇಷ್ಟು ಅಂತ ಬಾಡಿಗೆ, ನಮ್ಮ ನಾಲ್ಕು ಜನಕ್ಕೆ ತಿಂಗಳಿಗೆ ಸಾವಿರದ ನಾನೂರು. ಎಲ್ಲರ ಮೊಬೈಲಿನಲ್ಲೂ ಟಿಂಗ್ ಅನ್ನುತ್ತಿತ್ತು. ಎರಡು ವಾರದಲ್ಲಿ ಮಷೀನ್‌ನವರು ಟಿಂಗ್ ಬಂದ್ ಮಾಡಲು ಕಲಿತರು. ಅವರು ಮೊಬೈಲಿನಲ್ಲಿ ಕಲಿತದ್ದು ಅದೊಂದೇ. ಎಂಟು ತಿಂಗಳು ಸುಮ್ನೆ ಬಾಡಿಗೆ ಕಟ್ಟಿದೆ. ಎರಡೂ ಸೇರಿ ಒಂದು ಲಕ್ಷಕ್ಕೆ ಸ್ವಲ್ಪ ಕಮ್ಮಿ ನೀರಿಗೆ ಹೋಯಿತು. ಮೊದಲನೆಯದು ನಿಜವಾಗಿಯೂ ನೀರಿಗೇ ಹೋಯಿತಲ್ಲ!

ಹಲಗೆ ಹುಟ್ಟಿದ್ದು 2022ರ ಏಪ್ರಿಲಿನಲ್ಲಿ, ಒಂದು ಆಮಂತ್ರಣ ಪತ್ರಿಕೆಯ ದೆಸೆಯಿಂದ. ದೇವಸ್ಥಾನದ್ದು, ನಾಲ್ಕು ಸಾವಿರ ಪ್ರತಿ, ಆರ್ಟ್ ಪೇಪರು. ಆ ವರ್ಷ ಪೇಪರಿನ ರೇಟು ವಾರಕ್ಕೊಂದು ಸಲ ಏರುತ್ತಿತ್ತು, ಹಣ ಕೊಟ್ಟರೂ ಮಾಲಿಲ್ಲ. ಮಂಗಳೂರಿನಿಂದ ಬರಬೇಕಾದ ಕಾಗದ ಬರಲಿಲ್ಲ. ಬರಲಿಲ್ಲ ಅಂತ ಮಷೀನ್‌ನವರಿಗೆ ಐದು ದಿನದಿಂದ ಗೊತ್ತು. ನಾನು ದಿನಾ ಕೇಳುತ್ತಿದ್ದೆ, ಅವರು ದಿನಾ ಆಪುಂಡು ಅನ್ನುತ್ತಿದ್ದರು. ಆರನೇ ದಿನ ಕಮಿಟಿಯವರು ಕಾರಿನಲ್ಲಿ ಬಂದು ಇಳಿದರು. ಪ್ಯಾಕೆಟು ಕಟ್ಟಿ ಇಟ್ಟಿರಬೇಕಾದ ಜಾಗದಲ್ಲಿ ಬೆಕ್ಕು ಮಲಗಿತ್ತು. ಮಣಿಪಾಲದಿಂದ ಇನ್ನೊಬ್ಬರ ಕಾಲು ಹಿಡಿದು, ಹೆಚ್ಚು ದುಡ್ಡು ಕೊಟ್ಟು ಕಾಗದ ತಂದು, ರಾತ್ರಿ ಎರಡರ ತನಕ ಓಡಿಸಿ ಕೊಟ್ಟೆವು. ಆ ಕೆಲಸದಲ್ಲಿ ನನಗೆ ಹನ್ನೊಂದು ಸಾವಿರ ಲುಕ್ಸಾನು.

ಮರುದಿನ ಮಷೀನ್‌ನವರನ್ನು ಕೂರಿಸಿ ಕೇಳಿದೆ. ಯಾಕೆ ಹೇಳಲಿಲ್ಲ? ಅವರು ಬಹಳ ಹೊತ್ತು ಸುಮ್ಮನಿದ್ದು, "ನೀವು ಆಗಲೇ ಟೆನ್ಶನ್ನಲ್ಲಿ ಇದ್ರಿ ಅಣ್ಣಾ" ಅಂದರು. ಅಪ್ಪನ ಕಾಲದಿಂದ ಇರುವ ಜನ. ನನಗೆ ಬೇಜಾರಾಗಬಾರದು ಅಂತ ನನ್ನ ಹನ್ನೊಂದು ಸಾವಿರ ಕಳೆದರು! ಆವತ್ತು ಅಂದುಕೊಂಡೆ, ಬಾಯಿಬಿಟ್ಟು ಹೇಳದೆಯೇ ಹೇಳುವ ದಾರಿ ಒಂದು ಬೇಕು.

ಹಲಗೆ ಹೀಗಿದೆ. ಮೇಲಿಂದ ಕೆಳಕ್ಕೆ ಆರು ಸಾಲು. ಡಿಟಿಪಿ, ಪ್ರೂಫ್, ಪ್ಲೇಟ್-ಪೇಪರ್ (ಅಚ್ಚಿನ ತಗಡು, ಕಾಗದ ತಯಾರಿ), ಮಷೀನ್, ಬೈಂಡಿಂಗ್, ಕೊಡುವುದು. ಮೊಳೆಗಳು ಆರು, ಎಂಟು, ನಾಲ್ಕು, ಐದು, ಐದು, ಮೂರು. ಕಟ್ಟಿಂಗ್‌ನಲ್ಲಿ ಉಳಿಯುವ 300 ಜಿಎಸ್ಎಂ ಆರ್ಟ್ ಕಾರ್ಡಿನ ದಪ್ಪ ತುಂಡೇ ಚೀಟಿ. ಮೇಲೆ ತೂತು. ಒಂದು ಕೆಲಸಕ್ಕೆ ಒಂದು ಚೀಟಿ: ಗಿರಾಕಿ, ಎಷ್ಟು ಪ್ರತಿ, ಯಾವ ದಿನಕ್ಕೆ, ಎಷ್ಟು ಅಡ್ವಾನ್ಸ್. ಯಾರು ಕೆಲಸ ಮುಗಿಸಿದರೋ ಅವರೇ ಚೀಟಿ ತೆಗೆದು ಕೆಳಗಿನ ಸಾಲಿಗೆ ಹಾಕಬೇಕು. ಮಸಿ ಕೈಯಾದರೂ ಅಡ್ಡಿಲ್ಲ. ನಮ್ಮ ಚೀಟಿಗಳಲ್ಲಿ ಹೆಬ್ಬೆಟ್ಟಿನ ಗುರುತು ನೋಡಿಯೇ ಯಾರು ಮುಟ್ಟಿದ್ದು ಅಂತ ಹೇಳಬಹುದು.

ಮೊಳೆ ಖಾಲಿ ಇಲ್ಲದಿದ್ದರೆ ಚೀಟಿ ಇಳಿಯುವ ಹಾಗಿಲ್ಲ. ಡಿಟಿಪಿ ಸಾಲು ತುಂಬಿದ್ದರೆ ಹೊಸ ಕೆಲಸ ಹಿಡಿಯುವ ಹಾಗಿಲ್ಲ, ಗಿರಾಕಿ ನನ್ನ ಭಾವನೇ ಆಗಿರಲಿ. ಹೇಳಲು ಸುಲಭ, ಸೀಸನ್ನಿನಲ್ಲಿ ಬಾಗಿಲಿಗೆ ಬಂದ ಕೆಲಸ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಪ್ರೆಸ್ಸಿನವರಿಗೇ ಗೊತ್ತು. ಮೊದಲ ತಿಂಗಳು ನನಗೆ ಧೈರ್ಯ ಬರಲಿಲ್ಲ. ಅರವತ್ತು ಮೊಳೆ ಹೊಡೆದಿದ್ದೆ. ಅರವತ್ತೂ ತುಂಬಿದವು. ಹಲಗೆ ಚೀಟಿ ಒಣಗಲು ಹಾಕಿದ ಹಾಗೆ ಕಾಣುತ್ತಿತ್ತು, ಕೆಲಸ ಮೊದಲಿನ ಹಾಗೇ ತಡ. ಒಂದು ಭಾನುವಾರ ಕೂತು ಇಕ್ಕಳದಲ್ಲಿ ಮೊಳೆ ಕಿತ್ತೆ. ಹಳೆಯ ತೂತುಗಳು ಈಗಲೂ ಇವೆ.

ಮಷೀನ್ ಸಾಲಿಗೆ ಐದೇ ಯಾಕೆ, ಆರು ಯಾಕಲ್ಲ ಅಂತ ಕಾರ್ಕಳದವರು ಕೇಳಿದರು. ಆ ಲೆಕ್ಕ ನಾನು ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಅವರವರ ಮಷೀನಿನ ಓಟ ನೋಡಿ ಅವರವರೇ ಹಾಕಬೇಕು. ಇಷ್ಟು ಹೇಳಬಲ್ಲೆ: ನಿಮಗೆ ಎಷ್ಟು ಬೇಕು ಅನಿಸುತ್ತದೋ ಅದಕ್ಕಿಂತ ಎರಡು ಕಮ್ಮಿ ಹಾಕಿ.

'ಕೊಡುವುದು' ಸಾಲಿಗೆ ಮೂರೇ ಮೊಳೆ. ಅದು ನನ್ನ ಲೆಕ್ಕದಲ್ಲಿ ಇಡೀ ಹಲಗೆಯ ಜೀವ. ಮುಗಿದ ಕೆಲಸ ಕಟ್ಟು ಕಟ್ಟಿ ಮೂಲೆಯಲ್ಲಿ ಇದ್ದರೆ ನಮಗೆ ಖುಷಿ, ಅಬ್ಬ ಮುಗಿಯಿತು ಅಂತ. ಆದರೆ ಅಲ್ಲಿ ಮಲಗಿರುವುದು ನನ್ನ ಕಾಗದ, ನನ್ನ ಕೂಲಿ, ನನ್ನ ಕರೆಂಟು. ಗಿರಾಕಿ ಬಂದು ಒಯ್ದರೆ ಮಾತ್ರ ದುಡ್ಡು. ಮೊದಲು ಇಪ್ಪತ್ತು ಇಪ್ಪತ್ತೈದು ಕಟ್ಟು ಬಿದ್ದಿರುತ್ತಿದ್ದವು. ಒಂದು ಸಂಘದ ರಶೀದಿ ಪುಸ್ತಕ ಒಂದೂವರೆ ವರ್ಷ ಇತ್ತು, ಅಷ್ಟರಲ್ಲಿ ಸಂಘದ ಅಧ್ಯಕ್ಷರೇ ಬದಲಾಗಿ ಪುಸ್ತಕ ರದ್ದಿಗೆ ಹೋಯಿತು. ಈಗ ಮೂರು ಮೊಳೆ ತುಂಬಿದರೆ ಬೈಂಡಿಂಗ್ ಅಕ್ಕನ ಚೀಟಿ ಇಳಿಯುವುದಿಲ್ಲ. ಅವರು ನನ್ನನ್ನು ಬಿಡುತ್ತಾರಾ? "ಫೋನ್ ಮಾಡಿ ಅಣ್ಣಾ, ನನಗೆ ಮೊಳೆ ಬೇಕು" ಅಂತ ತಲೆ ತಿನ್ನುತ್ತಾರೆ. ನಾನು ಫೋನ್ ಮಾಡುತ್ತೇನೆ. ಹೋದ ಸೀಸನ್ನಿನಲ್ಲಿ ಬಾಕಿ ಬರಬೇಕಾದ ಹಣ ಯಾವತ್ತೂ ನಲವತ್ತು ಸಾವಿರ ದಾಟಲಿಲ್ಲ. ಮೊದಲೆಲ್ಲ ಒಂದೂವರೆ ಲಕ್ಷದ ಮೇಲೆ ಇರುತ್ತಿತ್ತು.

ಇನ್ನು ಮಗುಚುವ ವಿಷಯ. ಕೆಲಸ ಎಲ್ಲಾದರೂ ಸಿಕ್ಕಿಕೊಂಡರೆ ಚೀಟಿಯನ್ನು ಹಿಂದುಮುಂದು ಮಾಡಿ ಹಾಕುವುದು. ಅಷ್ಟೇ. ಯಾರಿಗೂ ಹೇಳಬೇಕಾಗಿಲ್ಲ, ಕಾರಣ ಬರೆಯಬೇಕಾಗಿಲ್ಲ. ಕಾಗದ ಬರಲಿಲ್ಲ, ಗಿರಾಕಿ ಪ್ರೂಫ್ ನೋಡಲಿಲ್ಲ, ಪ್ಲೇಟ್ ಹಾಳಾಯಿತು, ಏನೇ ಇರಲಿ. ನಾನು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಿಳಿ ಬೆನ್ನು ಎಲ್ಲಿ ಕಾಣುತ್ತದೆ ಅಂತ ನೋಡುತ್ತೇನೆ, ಹೋಗಿ ಮೆಲ್ಲಗೆ ಕೇಳುತ್ತೇನೆ. ಮಗುಚಿದವರನ್ನು ಬೈಯುವ ಹಾಗಿಲ್ಲ ಅಂತ ಕಾನೂನು ಮಾಡಿದ್ದೂ ನಾನೇ.

ಮುರಿದದ್ದೂ ನಾನೇ. ಮೂರನೇ ವಾರ ಒಂದು ದಿನ ನಾಲ್ಕು ಚೀಟಿ ಮಗುಚಿದ್ದವು. ಆವತ್ತು ಮನೆಯಲ್ಲಿ ಏನೋ ಜಗಳ ಆಗಿತ್ತು, ಬಂದವನೇ ಎಲ್ಲರ ಎದುರು ಕೂಗಾಡಿದೆ. "ನಾಲ್ಕು ಜನ ಸೇರಿ ಮಗುಚಲಿಕ್ಕೆ ಮಾತ್ರ ಕಲ್ತದ್ದಾ?" ಅಂತ. ಮರುದಿನದಿಂದ ಒಂದೂ ಮಗುಚಿದ ಚೀಟಿ ಇಲ್ಲ. ಎಲ್ಲ ಮುಖ ಮಾಡಿ ನಗುತ್ತಿವೆ. ನಾನು ಪೆದ್ದ, ಎಲ್ಲ ಸರಿಯಾಯಿತು ಅಂದುಕೊಂಡೆ. ಹತ್ತು ಹನ್ನೆರಡು ದಿನದಲ್ಲಿ ಮತ್ತೆ ಎರಡು ಕೆಲಸ ತಡವಾಯಿತು. ಹಲಗೆಗೂ ಆಪುಂಡು ಹೇಳಲು ಕಲಿಸಿಬಿಟ್ಟಿದ್ದೆ.

ಸಭೆ ಕರೆದು ಕ್ಷಮೆ ಕೇಳುವ ಜಾತಿ ನಾನಲ್ಲ. ಒಂದು ಉಪಾಯ ಮಾಡಿದೆ. ಪ್ಲೇಟ್-ಪೇಪರ್ ಸಾಲಿನಲ್ಲಿ ಒಂದು ಕೆಲಸಕ್ಕೆ ಕಾಗದ ತರಿಸಿರಲಿಲ್ಲ, ಯಾಕೆ ಅಂದರೆ ಕೈಯಲ್ಲಿ ದುಡ್ಡಿರಲಿಲ್ಲ. ಅದು ನನ್ನ ತಪ್ಪು, ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಎದ್ದು ಹೋಗಿ ಆ ಚೀಟಿಯನ್ನು ನಾನೇ ಮಗುಚಿದೆ. "ದುಡ್ಡಿಲ್ಲ, ಸೋಮವಾರ ತರಿಸ್ತೇನೆ" ಅಂದೆ. ಯಾರೂ ಏನೂ ಹೇಳಲಿಲ್ಲ. ಸಂಜೆ ಹೋಗುವಾಗ ನೋಡಿದೆ, ಮಷೀನ್ ಸಾಲಿನಲ್ಲಿ ಎರಡು ಮಗುಚಿದ್ದವು.

ಅದರ ನಂತರ ನಾನು ಬೈದದ್ದಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಲಗೆಯ ಎದುರು ನಿಂತು ಬೈದದ್ದಿಲ್ಲ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನು, "ಮಾವ, ಇದು ಟೊಯೋಟಾದವರ ಕಾನ್‌ಬಾನ್, ನಮ್ಮ ಆಫೀಸಲ್ಲೂ ಪರದೆಯ ಮೇಲೆ ಇದೇ ಇದೆ" ಅಂದ. ಜಪಾನಿನ ಕಾರಿನವರೂ ಚೀಟಿಯನ್ನೇ ಹಿಡಿದದ್ದು ಅಂತಾಯಿತು. ಹಾಗಾದರೆ ಮೊದಲು ನಕ್ಕದ್ದು ಯಾಕೆ ಅಂತ ಕೇಳಿದೆ, ಉತ್ತರ ಇಲ್ಲ. ಅಪ್ಪನಿಗೆ ಈಗ ಎಂಬತ್ತೊಂದು. ಅವರದ್ದು ಬೇರೆಯೇ ವಾದ. ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾಯಿತು, 1700ಕ್ಕೂ ಜಾಸ್ತಿ ಪುಟ, ಅದರಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಾಲಿನಲ್ಲಿ, ಒಂದೊಂದೇ ಮೊಳೆ ಜೋಡಿಸಿ ಮಾಡಿದ್ದು, ಅವರಿಗೆ ಯಾವ ಆ್ಯಪ್ ಇತ್ತು ಅಂತ. ಆ ಪುಸ್ತಕ ಹೇಳಿದ ದಿನಕ್ಕೆ ಕೊಟ್ಟಿದ್ದರಾ ಅಂತ ನಾನು ಕೇಳಲು ಹೋಗಲಿಲ್ಲ.

ಟೆಕ್ನಾಲಜಿ ಬೇಡ ಅನ್ನುವವನು ನಾನಲ್ಲ. ಆದರೆ ಕನ್ನಡದಲ್ಲಿ ಡಿಟಿಪಿ ಮಾಡುವವರ ಗೋಳು ಬೇರೆಯವರಿಗೆ ಅರ್ಥವಾಗುವುದು ಕಷ್ಟ. ನಮ್ಮ ಹುಡುಗಿ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ ರಾಕೆಟ್. ಅದು 2001ರಲ್ಲಿ ಬಂದದ್ದು, ಆಮೇಲೆ ಹೊಸ ಆವೃತ್ತಿಯೇ ಇಲ್ಲ. ನುಡಿ ಸಾಫ್ಟ್‌ವೇರಿನ ಕೀಲಿಮಣೆ ವಿನ್ಯಾಸ, ನಮ್ಮ ಕಿನ್ನಿಕಂಬಳ ಪದ್ಮನಾಭ ರಾಯರು ಮಾಡಿದ್ದು, ಅವಳ ಬೆರಳಿಗೆ ಕೂತುಬಿಟ್ಟಿದೆ. ಆದರೆ ಗಿರಾಕಿ ಈಗ ಕೈಬರಹ ತರುವುದಿಲ್ಲ, ಮೊಬೈಲಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸುತ್ತಾನೆ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯುವುದಿಲ್ಲ. ಹಳೆಯ ಫಾಂಟಿಗೆ ಬದಲಾಯಿಸಿ ತರಬೇಕು. ಬದಲಾಯಿಸುವಾಗ ಅರ್ಕಾವೊತ್ತು ಎಲ್ಲೋ ಹಾರುತ್ತದೆ, ಒತ್ತಕ್ಷರ ಬಿದ್ದುಹೋಗುತ್ತದೆ. ಶೆಟ್ಟಿ ಹೋಗಿ ಶೆಟಿ, ಆಚಾರ್ಯ ಹೋಗಿ ಇನ್ನೇನೋ. ಗಿರಾಕಿ ಹೇಳುತ್ತಾನೆ, "ನಾನು ಟೈಪ್ ಮಾಡಿಯೇ ಕೊಟ್ಟಿದ್ದೇನಲ್ಲ, ನಿಮಗೆಂತ ಕೆಲಸ? ರೇಟು ಕಮ್ಮಿ ಮಾಡಿ." ಅವನು ಟೈಪ್ ಮಾಡಿ ಕೊಟ್ಟದ್ದರಿಂದಲೇ ಕೆಲಸ ಜಾಸ್ತಿ ಅಂತ ಅವನಿಗೆ ಹೇಗೆ ಹೇಳುವುದು?

ಎರಡು ಸಲ ಹೊಸ ಸಾಫ್ಟ್‌ವೇರಿಗೆ ಹೋಗಲು ನೋಡಿದೆವು. ಹುಡುಗಿಯ ವೇಗ ಅರ್ಧಕ್ಕೆ ಇಳಿಯಿತು, ಸೀಸನ್ ಎದುರಿಗಿತ್ತು, ಬಿಟ್ಟೆವು. ಈ ಆಟಿಯಲ್ಲಿ ಮತ್ತೆ ಶುರು ಮಾಡಿದ್ದೇವೆ, ದಿನಾ ಎರಡು ಗಂಟೆ. ಸದ್ಯಕ್ಕೆ ಬದಲಾಯಿಸುವ ಮೊದಲು ಮೂರು ಅಕ್ಷರಗಳನ್ನು ಹುಡುಕಿ ಬೇರೆ ಮಾಡಿ ಇಟ್ಟರೆ ಮುಕ್ಕಾಲು ತಪ್ಪು ಬರುವುದಿಲ್ಲ. ಯಾವ ಮೂರು ಅಂತ ಕಂಡುಹಿಡಿಯಲು ಅವಳಿಗೆ ಎರಡು ವರ್ಷ ಹಿಡಿಯಿತು. ಅದು ಅವಳ ಆಸ್ತಿ, ನಾನು ಬರೆಯುವುದಿಲ್ಲ.

ಪ್ರೂಫಿನ ಬಗ್ಗೆ ಮಾತ್ರ ಒಂದು ಗುಟ್ಟು ಬಿಟ್ಟುಕೊಡುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಕಳೆದುಕೊಳ್ಳುತ್ತಾರೆ. ಮದುವೆ ಕಾಗದದಲ್ಲಿ ತೀರಿಕೊಂಡ ಹಿರಿಯರ ಹೆಸರಿಗೆ ಮೊದಲು 'ದಿ.' ಹಾಕುತ್ತೇವಲ್ಲ. ಒಂದು ಮನೆಯ ಕಾಗದದಲ್ಲಿ ಬದುಕಿರುವ ಅಜ್ಜನಿಗೂ 'ದಿ.' ಬಿತ್ತು. ಕೆಳಗಿನ ಸಾಲಿನ ಅಜ್ಜಿಯದ್ದು ಮೇಲೆ ಹತ್ತಿಬಿಟ್ಟಿತ್ತು, ಮುದ್ರಾರಾಕ್ಷಸನ ಕೆಲಸ. ಪ್ರೂಫಿಗೆ ಮದುಮಗ ಮೊಬೈಲಿನಲ್ಲಿ ಹೆಬ್ಬೆಟ್ಟು ಒತ್ತಿ ಕಳಿಸಿದ್ದ, ಸರಿ ಇದೆ ಅಂತ. ಆರುನೂರು ಕಾಗದ ಅಚ್ಚಾಗಿ ಹೋಯಿತು. ಮರುದಿನ ಆ ಅಜ್ಜನೇ ಬಂದರು, ಕೊಡೆ ಹಿಡಿದುಕೊಂಡು. ಕುರ್ಚಿಯಲ್ಲಿ ಕೂತು, "ನಾನು ಯಾವಾಗ ಹೋದದ್ದು ಮಾರಾಯ?" ಅಂತ ಕೇಳಿದರು. ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ. ಹೊಸದಾಗಿ ಮಾಡಿಕೊಟ್ಟೆ, ಒಂಬತ್ತು ಸಾವಿರ.

ಈಗ ಮದುಮಗನ ಹೆಬ್ಬೆಟ್ಟಿಗೆ ಬೆಲೆ ಇಲ್ಲ. ಮನೆಯ ಹಿರಿಯ ಹೆಂಗಸಿಗೆ ಫೋನ್ ಕೊಡಿಸಿ ನಮ್ಮ ಹುಡುಗಿ ಇಡೀ ಕಾಗದ ಗಟ್ಟಿಯಾಗಿ ಓದುತ್ತಾಳೆ. ಯಾರು ಬದುಕಿದ್ದಾರೆ, ಯಾರ ಹೆಸರು ಯಾರಿಗಿಂತ ಮೊದಲು ಬರಬೇಕು, ಯಾವ ಚಿಕ್ಕಪ್ಪನನ್ನು ಬಿಟ್ಟರೆ ಜಗಳ, ಇದೆಲ್ಲ ಗೊತ್ತಿರುವುದು ಅವರಿಗೆ ಮಾತ್ರ. ಇಪ್ಪತ್ತು ನಿಮಿಷ ಹೋಗುತ್ತದೆ, ಅರ್ಧ ಸಂಸಾರದ ಕತೆ ಕೇಳಬೇಕಾಗುತ್ತದೆ. ಅವರು ಹೂಂ ಅಂದ ಮೇಲೆಯೇ ಚೀಟಿ ಪ್ರೂಫ್ ಸಾಲಿನಿಂದ ಇಳಿಯುವುದು. 2021-22ರಲ್ಲಿ ಮರುಮುದ್ರಣಕ್ಕೆ ಅಂತಲೇ ಎಪ್ಪತ್ತು ಸಾವಿರದ ಹತ್ತಿರ ಹೋಗಿತ್ತು. ಹೋದ ವರ್ಷ ಎಂಟೋ ಒಂಬತ್ತೋ ಸಾವಿರ.

ಹಣದ ಕಡೆ ಬರುತ್ತೇನೆ. ಹಲಗೆಯ ಪಕ್ಕದಲ್ಲಿ ಒಂದು ಉದ್ದದ ಕಾಗದ ಅಂಟಿಸಿದ್ದೇನೆ. ಏಪ್ರಿಲ್ ನಡುವೆ ಶುರುವಾಗುವ ಪಗ್ಗು, ಆಮೇಲೆ ಬೇಶ, ಕಾರ್ತೆಲ್, ಆಟಿ, ಸೋಣ ಅಂತ ತುಳು ತಿಂಗಳ ಹೆಸರು. ಆದರೆ ಮನೆಗಳು ಒಂದೇ ಅಗಲ ಇಲ್ಲ. ಪಗ್ಗು ಒಂದು ಗೇಣು, ಆಟಿ ಒಂದು ಬೆರಳು. ಆ ತಿಂಗಳು ಎಷ್ಟು ದುಡ್ಡು ಬರುತ್ತದೋ ಅಷ್ಟು ಅಗಲ. ಮೂರು ವರ್ಷದ ಬಿಲ್ ಬುಕ್ ಹರಡಿಕೊಂಡು ಕೂತು ಅಳೆದದ್ದು. ಹುಡುಗರಿಗೂ ಅದು ಕಾಣುತ್ತದೆ. ಆಟಿಯಲ್ಲಿ ಸಂಬಳದ ಅಡ್ವಾನ್ಸ್ ಕೇಳುವವರು ಈಗ ಮೊದಲು ಆ ಕಾಗದ ನೋಡಿ ಬರುತ್ತಾರೆ.

ಪಗ್ಗು ಬೇಶದಲ್ಲಿ ಬರುವ ಪ್ರತಿ ಅಡ್ವಾನ್ಸಿನಲ್ಲೂ ಒಂದು ಪಾಲು ಬೇರೆ ಖಾತೆಗೆ. ಎಷ್ಟು ಪಾಲು ಅಂತ ನನಗೂ ಹೆಂಡತಿಗೂ ಮಾತ್ರ ಗೊತ್ತು. ಖಾತೆ ಅವಳ ಹೆಸರಿನಲ್ಲಿದೆ, ಕಾರ್ಡು ಅವಳ ಹತ್ತಿರ. ಬಳೆ ಅವಳದ್ದು ತಾನೇ? ಪತ್ತನಾಜೆಗೆ ಅದರಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಇರಬೇಕು ಅಂತ ಲೆಕ್ಕ. ಮೊದಲ ವರ್ಷ ಒಂದು ಲಕ್ಷ ಹತ್ತು ಸಾವಿರವೇ ಆದದ್ದು, ಸೋಣದಲ್ಲಿ ಕೈ ಸಾಲ ಮಾಡಿದೆ. ಎರಡನೇ ವರ್ಷ 2023ರ ಮೇ 10ಕ್ಕೆ ವಿಧಾನಸಭಾ ಚುನಾವಣೆ, ಮದುವೆ ಸೀಸನ್ನಿನ ನಟ್ಟನಡುವೆ. ಕರಪತ್ರದ ಕೆಲಸ ಎರಡೂ ಕಡೆಯವರದ್ದು ಬಂತು. ಅಡಿಯಲ್ಲಿ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಹಾಕಲೇಬೇಕು, ಪ್ರತಿಯನ್ನೂ ಘೋಷಣೆಯನ್ನೂ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು, ಅದೆಲ್ಲ ನಿಮಗೆ ಗೊತ್ತು. ನಾನು ಪೂರ್ತಿ ಹಣ ಮೊದಲೇ ಇಡಿ ಅಂದೆ. ಒಬ್ಬರು ಇಟ್ಟರು, ಇನ್ನೊಬ್ಬರು ಬೇರೆ ಕಡೆ ಹೋದರು. ಹೋದದ್ದು ಒಳ್ಳೆಯದೇ ಆಯಿತು, ಮೊಳೆಯೂ ಇರಲಿಲ್ಲ. ಆ ವರ್ಷ ಎರಡು ಲಕ್ಷ ಮುಟ್ಟಿತು. 2024ರ ಜನವರಿ 18ರ ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆ ಕೆಲಸ ಬರುತ್ತದೆ ಅಂತ ಮೊದಲೇ ಕಾಗದ ತಂದಿಟ್ಟೆ, ಅದರಲ್ಲೂ ಉಳಿಯಿತು. ಪರ್ಯಾಯ ಎರಡು ವರ್ಷಕ್ಕೊಂದು, ಅದನ್ನು ಪ್ರತಿ ವರ್ಷದ ಲೆಕ್ಕಕ್ಕೆ ಸೇರಿಸಿ ಮೋಸ ಹೋಗಬೇಡಿ.

2023ರ ಕೊನೆಗೆ ಕಟ್ಟಿಂಗ್ ಮಷೀನಿಗೆ ಮತ್ತೆ ಸಾಲ ಕೇಳಿದೆ. ಈ ಸಲ ಗೇಣು-ಬೆರಳಿನ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ಹಾಕಿ ಒಯ್ದೆ. ನೋಡಿದ ಅಧಿಕಾರಿ ಬಯಲುಸೀಮೆಯವರು. ಜುಲೈಯಲ್ಲಿ ವ್ಯಾಪಾರ ಇಷ್ಟು ಕಮ್ಮಿ ಅಂದರೆ ನಿಮಗೆ ಸಮಸ್ಯೆ ಇದೆ ಅಂತ ಅರ್ಥ ಅಲ್ವಾ ಅಂದರು. ಸಮಸ್ಯೆ ಅಲ್ಲ ಸಾರ್, ಆಟಿ ಅಂದೆ. ಅವರ ಫಾರಂನಲ್ಲಿ ಆಟಿಗೆ ಜಾಗ ಇಲ್ಲ. ಮತ್ತೆ ಹನ್ನೆರಡು ಸಮ ಪಾಲು ಮಾಡಿ ಬರೆದುಕೊಟ್ಟೆ, ಸಾಲ ಆಯಿತು. ಕಂತು ಇಲ್ಲಿವರೆಗೆ ಒಂದೂ ತಪ್ಪಿಲ್ಲ.

ಖಾಲಿ ತಿಂಗಳಲ್ಲಿ ಸುಮ್ನೆ ಕೂರದೆ ಕೆಲವು ಪ್ರಯೋಗ ಮಾಡಿದೆ. ಒಂದು, ಅಡಿಕೆ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟ್ ಹಾಕಿ ಆಮಂತ್ರಣ. ನೋಡಿದವರೆಲ್ಲ ಹೊಗಳಿದರು. ಇನ್ನೂರೈವತ್ತು ಮಾಡಿ ಇಟ್ಟೆ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು ಬಂದು ಪೆಟ್ಟಿಗೆ ತೆಗೆದರೆ ಎಲ್ಲ ಬೂಷ್ಟು ಹಿಡಿದು ಹಸಿರಾಗಿತ್ತು. ಎರಡನೆಯದು, ತುಳು ತಿಂಗಳಿನ ಕಿಸೆ ಕ್ಯಾಲೆಂಡರ್. ಸಾವಿರ ಹಾಕಿದೆ, ಮುನ್ನೂರು ಹೋಯಿತು. ಶಿವಕಾಶಿಯಿಂದ ಬರುವ ಕ್ಯಾಲೆಂಡರನ್ನು ಅಂಗಡಿಯವರು ಪುಕ್ಕಟೆ ಹಂಚುವಾಗ ನನ್ನದಕ್ಕೆ ಹತ್ತು ರೂಪಾಯಿ ಯಾರು ಕೊಡುತ್ತಾರೆ? ಕೈ ಹಿಡಿದದ್ದು ಬಿಲ್ ಬುಕ್. ಆಟಿಯಲ್ಲಿ ಆರ್ಡರ್ ಕೊಟ್ಟವರಿಗೆ ಬುಕ್ಕಿಗೆ ಇಷ್ಟು ಅಂತ ಕಮ್ಮಿ ಮಾಡಿದೆ. ಅಂಗಡಿಯವರಿಗೆ ಬಿಲ್ ಬುಕ್ ಯಾವಾಗಲಾದರೂ ಬೇಕೇ ಬೇಕು. ಎಲ್ಲರೂ ಮಾರ್ಚಿನಲ್ಲಿ ಓಡಿ ಬರುತ್ತಿದ್ದರು, ನಮಗೆ ಅದೇ ಹೊತ್ತಿಗೆ ಮದುವೆ. ಈಗ ಅರುವತ್ತು ಎಪ್ಪತ್ತು ಅಂಗಡಿಯವರು ಮಳೆಯಲ್ಲೇ ಬರುತ್ತಾರೆ. ಮಳೆಗಾಲದಲ್ಲಿ ಮಸಿ ಒಣಗುವುದಿಲ್ಲ, ಕಾಗದದ ಅಂಚು ಅಲೆ ಅಲೆಯಾಗಿ ಮಷೀನಿಗೆ ಎರಡೆರಡು ಹಾಳೆ ಹೋಗುತ್ತದೆ ಅಂತ ನೀವು ಹೇಳಬಹುದು. ಹೌದು. ರೀಮು ಇಡುವ ಕೋಣೆಯಲ್ಲಿ ಹಳೆಯ ಕಾಲದ ನೂರು ವಾಟಿನ ಎರಡು ಬಲ್ಬು ರಾತ್ರಿಯಿಡೀ ಉರಿಯುತ್ತವೆ. ಬಿಲ್ ಬುಕ್ಕಿಗೆ ಅಷ್ಟು ಸಾಕು, ನಾಲ್ಕು ಕಲರಿನ ಕೆಲಸ ಮಳೆಯಲ್ಲಿ ನಾನು ಹಿಡಿಯುವುದೇ ಇಲ್ಲ.

ಹಲಗೆಯಲ್ಲಿ ತೊಂದರೆ ಇಲ್ಲವಾ? ಇದೆ. ಫ್ಯಾನು ಜೋರು ಮಾಡಿದರೆ ಚೀಟಿ ತಿರುಗಿ ತಾನಾಗಿಯೇ ಮಗುಚಿಕೊಳ್ಳುತ್ತದೆ, ಎರಡು ಸಲ ಹೆದರಿದ್ದೇನೆ. ಈಗ ಕೆಳಗೂ ಒಂದು ಸಣ್ಣ ಪಟ್ಟಿ ಹೊಡೆದಿದ್ದೇವೆ. ನಾನು ಊರಲ್ಲಿ ಇಲ್ಲದಿದ್ದರೆ ಹಲಗೆ ನೋಡಲು ಆಗುವುದಿಲ್ಲ. ಬೈಂಡಿಂಗ್ ಅಕ್ಕ ಸಂಜೆ ಒಂದು ಫೋಟೋ ಕಳಿಸುತ್ತಾರೆ. ಮೊಬೈಲ್ ಬೇಡ ಅಂದವರು ಅವರೇ. ಮಷೀನ್‌ನವರು ಈಗಲೂ ಬಾಯಲ್ಲಿ ಆಪುಂಡು ಅಂತಲೇ ಹೇಳುತ್ತಾರೆ, ಹೇಳುತ್ತಾ ಕೈಯಲ್ಲಿ ಚೀಟಿ ಮಗುಚುತ್ತಾರೆ. ನಾನು ಕೈ ನೋಡುತ್ತೇನೆ. ಹತ್ತು ಕೆಲಸದಲ್ಲಿ ಒಂದು ಈಗಲೂ ತಡವಾಗುತ್ತದೆ. ಮೊದಲು ನಾಲ್ಕಾಗುತ್ತಿತ್ತು.

ಇವತ್ತು ಬೆಳಿಗ್ಗೆ ನೋಡಿದಾಗ ಮಷೀನ್ ಸಾಲಿನಲ್ಲಿ ಎರಡು ಮೊಳೆ ಖಾಲಿ ಇತ್ತು. ಬಿಲ್ ಬುಕ್ ಬೇಕಾದವರು ಆಟಿ ಮುಗಿಯುವ ಮೊದಲು ಬಂದರೆ ಒಳ್ಳೆಯದು. ಸೋಣ ಸಂಕ್ರಾಂತಿಯಿಂದ ಹಳೆಯ ರೇಟು.